ತಲೆಗಲ್ಲು ಇಳಿಸಿದ ಮೇಲೆ

ನಮ್ಮವರನ್ನು ಊರಿನಲ್ಲಿ ಎಲ್ಲರೂ ಕಮಾನು ಮೇಸ್ತ್ರಿ ಅಂತ ಕರೆಯುತ್ತಾರೆ. ನಾನು ಮಾತ್ರ ಕೋಪ ಬಂದಾಗ ಚರ್ಚಿನ ಗಂಡ ಅನ್ನುತ್ತೇನೆ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಅಷ್ಟು ವರ್ಷದಲ್ಲಿ ನನ್ನ ಮುಖಕ್ಕಿಂತ ಆ ಕಲ್ಲುಕಟ್ಟಡದ ಮುಖವನ್ನೇ ಅವರು ಹೆಚ್ಚು ನೋಡಿದ್ದಾರೆ. ಹಾಗಂತ ಕೆಣಕಿದರೆ, "ಅದು ಎದುರು ಮಾತಾಡಲ್ಲ ಕಣೇ" ಅನ್ನುತ್ತಿದ್ದರು.

ಹತ್ತೊಂಬತ್ತನೇ ವಯಸ್ಸಿಗೆ ಅವರು ಅಲ್ಲಿಗೆ ಹೋದದ್ದು ಪಾರಿವಾಳದ ಹಿಕ್ಕೆ ಬಳಿಯುವುದಕ್ಕೆ. ಆಗಿದ್ದ ಹಳೇ ಮೇಸ್ತ್ರಿ ಕೈಗೆ ಪೊರಕೆ ಕೊಟ್ಟು ಚಾವಣಿಗೆ ಹತ್ತಿಸಿದರು, ಎರಡು ವರ್ಷದ ಮೇಲೆ ಉಳಿ ಕೊಟ್ಟರು. ಆ ಮುದುಕ ಮಾತಿನಲ್ಲಿ ಮಹಾ ಜಿಪುಣ. ಹೀಗೆ ಮಾಡು ಅನ್ನುತ್ತಿದ್ದರೇ ಹೊರತು ಯಾಕೆ ಅಂತ ಬಿಡಿಸಿ ಹೇಳಿದವರಲ್ಲ. ಅವರು ತೀರಿಕೊಂಡ ಮೇಲೆ ಕಟ್ಟಡದ ಹೊಣೆ ಪೂರ್ತಿ ಇವರ ತಲೆಗೆ ಬಂತು, ಗಾರೆ ಕಲಸುವುದು ನನ್ನ ತಲೆಗೆ. ಆ ಗೋಡೆಗಳಿಗೆ ಸಿಮೆಂಟು ಆಗಿಬರುವುದಿಲ್ಲ. ಸುಣ್ಣವನ್ನು ಹೊಂಡದಲ್ಲಿ ಅರಳಿಸಿ, ತಿಂಗಳುಗಟ್ಟಲೆ ನೆನೆಯಲು ಬಿಟ್ಟು, ಜರಡಿ ಹಿಡಿದು, ಮರಳು ಸೇರಿಸಿ ಕಲಸಬೇಕು. ಗಾರೆ ಕರಣೆಗೆ ಅಂಟಬೇಕು, ತಲೆಕೆಳಗು ಮಾಡಿದರೂ ಬೀಳಬಾರದು. ಈ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ, ಜಂಬ ಅಂದುಕೊಂಡರೂ ಪರವಾಗಿಲ್ಲ.

ಅದು ಗೋಥಿಕ್ ಚರ್ಚು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಯಾರೋ ಕಾಲೇಜು ಹುಡುಗಿಯರು ಚಿತ್ರ ಬರೆಯುತ್ತಾ ಹೇಳಿದಾಗ. ಅಲ್ಲಿವರೆಗೆ ನನಗದು ಚೂಪು ಕಮಾನಿನ ಚರ್ಚು, ಅಷ್ಟೆ. ಕಿಟಕಿ ಚೂಪು, ಬಾಗಿಲು ಚೂಪು, ಒಳಗಿನ ಚಾವಣಿಯೂ ಚೂಪು. ಕಂಬಗಳು ನೆಲದಿಂದ ಎದ್ದು, ಮೇಲೆ ಹೋಗಿ, ಒಂದೊಂದೂ ಐದಾರು ಕಲ್ಲಿನ ಪಟ್ಟಿಗಳಾಗಿ ಬಿಚ್ಚಿಕೊಂಡು ಆ ಕಡೆಯ ಪಟ್ಟಿಗಳ ಕೈ ಹಿಡಿಯುತ್ತವೆ. ಗೋಡೆಗಿಂತ ಕಿಟಕಿಯೇ ಜಾಸ್ತಿ. ಮಧ್ಯಾಹ್ನ ಬಣ್ಣದ ಗಾಜಿನಿಂದ ಬಿಸಿಲು ಬಿದ್ದು ನೆಲವೆಲ್ಲ ಕೆಂಪು ನೀಲಿ. ಒಂದೊಂದು ಬಾಂಡ್ಲಿ ಗಾರೆಯ ಭಾರವೂ ನನ್ನ ಸೊಂಟಕ್ಕೆ ಗೊತ್ತು. ಆದರೂ ಒಳಗೆ ಹೋಗಿ ತಲೆ ಎತ್ತಿದರೆ ಅದಕ್ಕೆ ಭಾರವೇ ಇಲ್ಲ ಅನ್ನಿಸುತ್ತದೆ. ಇಷ್ಟು ವರ್ಷ ನೋಡಿಯೂ ನನಗೆ ಅದು ಹಳತಾಗಿಲ್ಲ.

ನನಗೊಬ್ಬಳಿಗೇ ಅಲ್ಲ. ಆ ದೇವರಿಗೆ ಎಂದೂ ಕೈ ಮುಗಿಯದವರೂ ಅಲ್ಲಿಗೆ ಬರುತ್ತಾರೆ. ಹೊಸ ಜೋಡಿಗಳು ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಒಬ್ಬ ಬಸ್ ಕಂಡಕ್ಟರ್ ಇದ್ದಾನೆ, ಎಂಟು ವರ್ಷದಿಂದ ದಿನಾ ಮಧ್ಯಾಹ್ನ ಬಿಡುವಿನಲ್ಲಿ ಬಂದು ಹಿಂದಿನ ಬೆಂಚಿನ ಮೇಲೆ ಅಂಗಾತ ಮಲಗಿ ಚಾವಣಿ ನೋಡುತ್ತಾನೆ. ಏನಪ್ಪಾ ಅಂಥದ್ದು ಅಲ್ಲಿ ಅಂತ ಒಮ್ಮೆ ಕೇಳಿದೆ. "ದಿನವೆಲ್ಲಾ ಜನರ ಕೈ ನೋಡಿ ಸಾಕಾಗಿರುತ್ತೆ ಅಕ್ಕಾ. ಇಲ್ಲಿ ಕಣ್ಣು ಮೇಲಕ್ಕೆ ತಾನಾಗೇ ಹೋಗುತ್ತೆ" ಅಂದ.

ಇವರನ್ನು ಕೇಳಿದರೆ ಉತ್ತರ ಬೇರೆ. "ಅದು ನಿಂತಿಲ್ಲ ಕಣೇ, ನೂಕಾಡ್ತಾ ಇದೆ. ಚಾವಣಿ ಗೋಡೆನ ಹೊರಗೆ ನೂಕುತ್ತೆ. ಹೊರಗಿನ ಅರ್ಧಕಮಾನು ಆ ನೂಕನ್ನ ಹಿಡ್ಕೊಂಡು ಗೋಡೆಯಿಂದ ಆಚೆ ನಿಂತಿರೋ ಆಸರೆಗಂಬಕ್ಕೆ ಕೊಡುತ್ತೆ. ಆಸರೆಗಂಬ ನೆಲಕ್ಕೆ ಕೊಡುತ್ತೆ. ಯಾರೂ ಸೋಲಲ್ಲ, ಯಾರೂ ಗೆಲ್ಲಲ್ಲ." ನಮ್ಮಿಬ್ಬರ ಸಂಸಾರದ ಹಾಗೆ ಅನ್ನಿ ಅಂದೆ. ಅವರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಬಂದವರಿಗೆಲ್ಲ ತಮ್ಮದೇ ಮಾತು ಅಂತ ಹೇಳಿಕೊಂಡು ತಿರುಗಿದರು.

ಇಂಥ ಮನುಷ್ಯ ತಪ್ಪು ಮಾಡಿದ್ದು ಇಲ್ಲೇ, ತನಗೆ ಚೆನ್ನಾಗಿ ಗೊತ್ತಿದ್ದ ಜಾಗದಲ್ಲೇ.

ಆ ಆಸರೆಗಂಬಗಳ ನೆತ್ತಿಯ ಮೇಲೆ ಒಂದೊಂದು ಚೂಪಾದ ಕಲ್ಲಿನ ಗೋಪುರವಿದೆ, ಆಳೆತ್ತರದ್ದು. ನೋಡುವವರಿಗೆ ಅದು ಅಲಂಕಾರ. ನಾವು ಕೆಲಸದವರು ತಲೆಗಲ್ಲು ಅನ್ನುತ್ತೇವೆ. ಒಂದೊಂದು ಆರುನೂರು ಕಿಲೋ ತೂಗುತ್ತದೆ. ಒಳಗಿನ ಕಬ್ಬಿಣದ ಸಲಾಕೆ ತುಕ್ಕು ಹಿಡಿದು ಕಲ್ಲು ಸೀಳಿದಾಗ ಅದನ್ನು ಕೆಳಗಿಳಿಸಿ ಸರಿಮಾಡಬೇಕಾಗುತ್ತದೆ. ಹಾಗೆ ಇಳಿಸಿದ ದಿನವೇ, ಸೂರ್ಯ ಮುಳುಗುವುದರೊಳಗೆ, ಅದೇ ತೂಕದ ಮರಳುಮೂಟೆಗಳನ್ನು ಆ ನೆತ್ತಿಗೆ ಏರಿಸಿಡಬೇಕು. ಇದು ಹಳೇ ಮೇಸ್ತ್ರಿಯ ಕಟ್ಟಪ್ಪಣೆ. ಕಾರಣ ಎಂದಿನಂತೆ ಹೇಳಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಐದು ಸಲ ತಲೆಗಲ್ಲು ಇಳಿಸಿದ್ದಾರೆ. ಐದು ಸಲವೂ ನಾನೇ ಗೊಣಗಿಕೊಂಡು ಮೂಟೆ ತುಂಬಿಸಿದ್ದೇನೆ.

ಆರನೇ ಸಲ ದಕ್ಷಿಣದ ಕಡೆಯ ಮೂರನೆಯದು, ನಾಲ್ಕನೆಯದು ಎರಡೂ ಒಟ್ಟಿಗೆ ಸೀಳಿದ್ದವು. ಕ್ರೇನು ಸಿಕ್ಕಿದ್ದು ಒಂದೇ ದಿನಕ್ಕೆ, ಹಾಗಾಗಿ ಎರಡನ್ನೂ ಒಂದೇ ದಿನ ಇಳಿಸಿದರು. ಮೂಟೆ ತುಂಬು ಅಂತ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ವಾರ ನನ್ನ ಸೊಂಟ ಹಿಡಿದುಕೊಂಡಿತ್ತು, ಕೇಳದಿದ್ದರೇ ಒಳ್ಳೆಯದು ಅಂತ ಸುಮ್ಮನಿದ್ದೆ. ಎರಡು ದಿನದಲ್ಲಿ ಕಲ್ಲು ವಾಪಸ್ ಏರಿಸುವುದಿತ್ತು. ಆದರೆ ಬಿಚ್ಚಿ ನೋಡಿದರೆ ಒಳಗೆಲ್ಲ ಪುಡಿಪುಡಿ. ಗಣಿಯಿಂದ ಹೊಸ ಕಲ್ಲು ಬರಬೇಕು ಅಂತಾಯಿತು. ಎರಡು ದಿನ ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು.

ಒಂಬತ್ತನೇ ದಿನ ಬೆಳಿಗ್ಗೆ ನನ್ನ ಓರಗಿತ್ತಿ ಸುಣ್ಣದ ಹೊಂಡದ ಹತ್ತಿರ ಬಂದಳು. ಚರ್ಚಿನ ಒಳಗೆ ಗುಡಿಸಿ ಒರೆಸುವುದು ಅವಳ ಕೆಲಸ.

"ಅಕ್ಕಾ, ನಿನ್ನ ಸುಣ್ಣನ ಒಳಗ್ಯಾಕೆ ಚೆಲ್ತೀಯ? ಮೂರು ದಿನದಿಂದ ಬೆಂಚಿನ ಮೇಲೆ ಬಿಳೀ ಪುಡಿ. ಒರೆಸಿ ಒರೆಸಿ ಸಾಕಾಯ್ತು."

ನಾನು ಅವತ್ತಿಗೆ ಹದಿನೈದು ದಿನದಿಂದ ಒಳಗೆ ಕಾಲಿಟ್ಟಿರಲಿಲ್ಲ. ಹೋಗಿ ಬೆರಳಲ್ಲಿ ಒತ್ತಿ ನೋಡಿದೆ. ನನ್ನ ಸುಣ್ಣವಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಯಾರೋ ಕಲಸಿದ ಹಳೇ ಗಾರೆ ಅದು. ತಲೆ ಎತ್ತಿದೆ. ಚಾವಣಿಯಲ್ಲಿ ಗೋಡೆಯ ಉದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ. ಹೊರಗೆ ಓಡಿ ಇವರನ್ನು ಕರೆದೆ.

ಇವರು ಮೇಲೆ ಹತ್ತಿ ನೋಡಿ ಬಂದರು. ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ಅದರ ಎರಡೂ ದಡಕ್ಕೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸುತ್ತಾರೆ. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. ಬೆಳಿಗ್ಗೆ ಅಂಟಿಸಿದ ಗಾಜು ಸಂಜೆಗೆ ಒಡೆದಿತ್ತು.

ಮರುದಿನ ಚರ್ಚಿನ ಸಮಿತಿಯವರು ಎಂಜಿನಿಯರನ್ನು ಕರೆಸಿದರು. ಸಮಿತಿಗೆ ಅಧ್ಯಕ್ಷೆ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಅರ್ಧ ಊರಿಗೆ ಪಾಠ ಹೇಳಿದವರು, ಈಗಲೂ ಎಲ್ಲರಿಗೂ ಹೆಡ್‌ಮೇಡಂ. ಎಂಜಿನಿಯರ್ ಒಳಗೆ ನಿಂತು ದುರ್ಬೀನಿನಲ್ಲಿ ಬಿರುಕು ನೋಡಿ, ಮುಖ ಸಣ್ಣಗೆ ಮಾಡಿಕೊಂಡು ಇವರನ್ನು ಕೇಳಿದ: "ಈಚೆಗೆ ಕಟ್ಟಡದಲ್ಲಿ ಏನಾದ್ರೂ ಕೆಲಸ ಮಾಡಿದ್ರಾ?"

"ಹೊರಗಡೆ ಸಣ್ಣಪುಟ್ಟ ರಿಪೇರಿ ಸಾರ್. ಚಾವಣಿಗೆ ಕೈ ಹಚ್ಚಿಲ್ಲ" ಅಂದರು ಇವರು.

ನಾನು ಬಾಗಿಲಲ್ಲೇ ಇದ್ದೆ. ಮೂವತ್ತೊಂದು ವರ್ಷದಲ್ಲಿ ನನ್ನ ಗಂಡ ಮುಖ ಮೇಲೆತ್ತಿ ಸುಳ್ಳು ಹೇಳಿದ್ದು ನಾನು ಕಂಡಿದ್ದು ಅದೊಂದೇ ಸಲ.

ಎಂಜಿನಿಯರ್ ಹೇಳಿದ್ದಿಷ್ಟು: ಕಟ್ಟಡಕ್ಕೆ ವಯಸ್ಸಾಗಿದೆ, ಚಾವಣಿಯ ಕಲ್ಲು ಸಡಿಲವಾಗಿದೆ, ಜನರ ತಲೆ ಮೇಲೆ ಬೀಳುವ ಮುಂಚೆ ಇಳಿಸಿಬಿಡುವುದು ಕ್ಷೇಮ. ಅದರ ಜಾಗದಲ್ಲಿ ಉಕ್ಕಿನ ತೊಲೆ ಹಾಕಿ ಚಪ್ಪಟೆ ಚಾವಣಿ ಮಾಡಬಹುದು. ಕಿಟಕಿ ಬಾಗಿಲು ಹಾಗೇ ಇರುತ್ತವೆ. ಹೆಡ್‌ಮೇಡಂ ಕಣ್ಣು ಒರೆಸಿಕೊಂಡರು. ಆದರೆ ಜೀವದ ಪ್ರಶ್ನೆ ಬಂದಾಗ ಯಾರು ಏನು ಹೇಳುತ್ತಾರೆ? ಅವತ್ತೇ ಬಾಗಿಲಿಗೆ ಬೀಗ ಬಿತ್ತು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಕೆಡವುವ ಗುತ್ತಿಗೆದಾರ ಜಾಗ ನೋಡಲು ಬರುವುದು ಅಂತ ನಿಶ್ಚಯವಾಯಿತು.

ಗುತ್ತಿಗೆದಾರ ಬರುವ ದಿನ ಬೆಳಿಗ್ಗೆ ಇವರು ಬಚ್ಚಲಲ್ಲಿ ಕೈ ತೊಳೆಯುತ್ತಾ ನಿಂತರು. ತೊಳೆದೇ ತೊಳೆದರು. ನನಗೆ ರೇಗಿತು.

"ರೀ, ತಲೆಗಲ್ಲು ಇಳಿಸಿದ ದಿನ ಮೂಟೆ ಯಾಕೆ ಇಡಲಿಲ್ಲ?"

ನಲ್ಲಿ ನಿಲ್ಲಿಸಿದರು. "ಮುದುಕನ ಶಾಸ್ತ್ರ ಅಂದ್ಕೊಂಡೆ ಕಣೇ. ಎರಡು ದಿನಕ್ಕೆ ನಲವತ್ತೆಂಟು ಮೂಟೆ ಯಾಕೆ ಹೊರೋದು ಅಂತ. ನಿನಗೆ ಬೇರೆ ಸೊಂಟ ನೋವು."

"ನನ್ನ ಸೊಂಟನ ಮಧ್ಯೆ ತರಬೇಡಿ."

"ಮೊನ್ನೆ ಬಿರುಕು ನೋಡಿದಾಗ ಅರ್ಥ ಆಯ್ತು. ಅರ್ಧಕಮಾನು ಆಸರೆಗಂಬನ ಹೊರಕ್ಕೆ ನೂಕುತ್ತಲ್ಲ, ಮೇಲಿಂದ ಆ ಭಾರ ಕೂತು ಅದನ್ನ ನೆಲಕ್ಕೆ ಒತ್ತಿ ಹಿಡೀತಿತ್ತು. ಭಾರ ತೆಗೆದುಬಿಟ್ಟೆ. ಕಂಬ ಹೊರಕ್ಕೆ ವಾಲ್ತಾ ಇದೆ. ಅದರ ಹಿಂದೆ ಚಾವಣಿ ಬಾಯಿ ಬಿಡ್ತಾ ಇದೆ. ಕಟ್ಟಡಕ್ಕೇನೂ ಆಗಿರಲಿಲ್ಲ ಕಣೇ. ಗಟ್ಟಿಯಾಗಿತ್ತು."

"ಹಾಗಾದ್ರೆ ಹೋಗಿ ಹೇಳಿ! ಕೆಡವೋಕೆ ಬರ್ತಿದಾರಲ್ರೀ!"

"ಹೇಳಿದ ಮೇಲೆ ನನ್ನನ್ನ ಮತ್ತೆ ಮೆಟ್ಟಿಲು ಹತ್ತೋಕೆ ಬಿಡ್ತಾರಾ?"

ಆ ಪ್ರಶ್ನೆಗೆ ಉತ್ತರ ಇಬ್ಬರಿಗೂ ಗೊತ್ತಿತ್ತು. ಹೇಳಿದರೆ ಚಾವಣಿ ಉಳಿಯಬಹುದು, ಇವರು ಅದಕ್ಕೆ ಹೊರಗಿನವರಾಗುತ್ತಾರೆ. ಹೇಳದಿದ್ದರೆ ಇವರು ಮೇಸ್ತ್ರಿಯಾಗಿಯೇ ಉಳಿಯುತ್ತಾರೆ, ಚಪ್ಪಟೆ ಚಾವಣಿಗೆ. ಅಯ್ಯೋ ಅನ್ನಿಸಿತು, ನಿಜ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ನೀವು ಹೇಳದಿದ್ರೆ ನಾನು ಹೇಳ್ತೀನಿ" ಅಂದೆ.

ಅವರು ಅಂಗಿ ಹಾಕಿಕೊಂಡರು. "ಹೇಳೋಣ. ಬಾಯಿಮಾತಿಗೆ ಯಾರು ಬೆಲೆ ಕೊಡ್ತಾರೆ? ಮೊದಲು ಮೂಟೆ ಏರಿಸೋಣ. ಗಾಜು ನಿಂತರೆ ಆಗ ನಂಬ್ತಾರೆ. ಎರಡು ಗಂಟೆ ಒಳಗೆ ಆಗ್ಬೇಕು."

ನಲವತ್ತೆಂಟು ಮೂಟೆ, ಒಂದೊಂದು ಇಪ್ಪತ್ತೈದು ಕಿಲೋ. ಆಸರೆಗಂಬಗಳಿಗೆ ಕಟ್ಟಿದ ಅಟ್ಟಣಿಗೆ ಇನ್ನೂ ಬಿಚ್ಚಿರಲಿಲ್ಲ, ರಾಟೆಯೂ ಹಗ್ಗವೂ ಅಲ್ಲೇ ಇದ್ದವು. ಆದರೆ ಅಲ್ಲಿ ಹೆಜ್ಜೆ ಇಡಕೂಡದೆಂದು ಹಿಂದಿನ ದಿನವೇ ಸಮಿತಿಯವರು ಹಳದಿ ಪಟ್ಟಿ ಕಟ್ಟಿ ಹೋಗಿದ್ದರು. ಇವರು ಅದರ ಕೆಳಗೆ ನುಸುಳಿದರು. ನಾನು ಮರಳು ತುಂಬಿಸಿದೆ, ಓರಗಿತ್ತಿ ಬಾಯಿ ಹೊಲಿದಳು. ಒಳಗೆ ಗಾಜು ಕಾಯುವ ಕೆಲಸವೂ ಅವಳದೇ. ಕಸದ ಕೋಣೆಯ ಬೀಗದ ಕೈ ಅವಳ ಹತ್ತಿರ ಇತ್ತು, ಅಲ್ಲಿಂದ ಒಳಗೆ ಒಂದು ಸಣ್ಣ ಬಾಗಿಲು. ಬೆಳಿಗ್ಗೆ ಇವರು ಚಾವಣಿಯ ಕೆಳಗಡೆ ಕಾಣುವ ಹಾಗೆ ಹೊಸ ಗಾಜೊಂದನ್ನು ಹಚ್ಚಿದ್ದರು. ಅವಳು ಅದರ ನೇರಕ್ಕೆ ನಿಲ್ಲದೆ ಗೋಡೆಗೆ ಒತ್ತಿ ನಿಂತು ನೋಡಬೇಕು, ಏನಾದರೂ ಉದುರಿದರೆ ಓಡಿ ಬರಬೇಕು.

ಹಗ್ಗ ಎಳೆಯಲು ನನ್ನೊಬ್ಬಳ ಕೈಲಿ ಆಗಲಿಲ್ಲ. ಹತ್ತು ಮೂಟೆಗೆ ಅಂಗೈ ಸುಲಿಯಿತು. ಅಷ್ಟರಲ್ಲಿ ಕಂಡಕ್ಟರ್ ಬಂದ. ಬೀಗ ಬಿದ್ದ ಬಾಗಿಲನ್ನು ನೋಡಿ ಸುತ್ತು ಹಾಕಿಕೊಂಡು ಬಂದಿದ್ದ.

"ಚಾವಣಿ ತೆಗೀತಾರಂತೆ, ಹೌದಾ ಅಕ್ಕಾ?"

"ಮಾತು ಆಮೇಲೆ. ಹಗ್ಗ ಹಿಡಿ."

ಪುಣ್ಯಾತ್ಮ, ಯಾಕೆ ಅಂತ ಕೇಳದೆ ಹೆಗಲ ಚೀಲವನ್ನು ಬೆನ್ನಿಗೆ ಸರಿಸಿ ಹಿಡಿದ. ಮೇಲಿಂದ ಇವರು ಕೂಗುತ್ತಿದ್ದರು: ಒಂದು ಮೂರನೇ ಕಂಬಕ್ಕೆ, ಒಂದು ನಾಲ್ಕನೇ ಕಂಬಕ್ಕೆ, ಒಂದಾದ ಮೇಲೆ ಒಂದು. ಒಮ್ಮೆಲೇ ಭಾರ ಬೀಳಬಾರದು. ಇಪ್ಪತ್ತು ಆಯಿತು. ಇಪ್ಪತ್ತೆರಡು. ಇಪ್ಪತ್ತಮೂರನೇ ಮೂಟೆ ಇವರ ಕೈಗೆ ಸಿಕ್ಕಾಗ ಒಳಗಿನಿಂದ ಟಕ್ ಅಂತ ಶಬ್ದ ಬಂತು. ಸಣ್ಣ ಶಬ್ದ, ಒಣಗಿದ ಕಡ್ಡಿ ಮುರಿದ ಹಾಗೆ. ನಾವು ಹಗ್ಗ ಹಿಡಿದವರು ಹಾಗೇ ಕಲ್ಲಾದೆವು. ಓರಗಿತ್ತಿ ಹೊರಗೆ ಓಡಿ ಬಂದಳು.

"ಭಾವ! ಗಾಜು ಹೋಯ್ತು! ಮೇಲಿಂದ ಒಂದು ಚಕ್ಕೆ ಕಲ್ಲೂ ಬಿತ್ತು!"

ಇವರು ಆ ನೆತ್ತಿಯ ಮೇಲೆ ಮೂಟೆ ತಬ್ಬಿಕೊಂಡು ಕೂತಿದ್ದರು. ಕೆಳಗಿಳೀರಿ ಅಂತ ಕಿರುಚಿದೆ. ಕಂಬ ಹೋದರೆ ಅವರೂ ಹೋದ ಹಾಗೆ, ನನಗೆ ಆ ಕ್ಷಣ ಚರ್ಚೂ ಬೇಡ, ಚಾವಣಿಯೂ ಬೇಡ. ಅವರು ಕೈ ಅಡ್ಡ ಮಾಡಿದರು. ವಾಲುವುದು ತಿಳಿಯಲೆಂದು ಆಸರೆಗಂಬಕ್ಕೆ ಇಳಿಬಿಟ್ಟಿದ್ದ ತೂಗುಗುಂಡಿನ ದಾರವನ್ನೇ ನೋಡುತ್ತಿದ್ದರು. ಎಷ್ಟೋ ಹೊತ್ತು ನೋಡಿದರು.

"ಕಂಬ ಅಲ್ಲಾಡಿಲ್ಲ. ಭಾರಕ್ಕೆ ಚಾವಣಿ ಸರಿದು ಕೂತ್ಕೊಂಡಿದೆ, ಅಷ್ಟೆ. ಇನ್ನೊಂದು ಗಾಜು ಹಚ್ತೀನಿ, ಆಮೇಲೆ ಕಳಿಸಿ. ನಿಧಾನ."

ಇಳಿದು, ಒಳಗೆ ಹೋಗಿ, ಉದ್ದನೆ ಏಣಿ ಹತ್ತಿ ಗಾಜು ಹಚ್ಚಿ, ಮತ್ತೆ ಮೇಲೆ ಹೋದರು. ಆಮೇಲೆ ಒಂದೊಂದೇ ಮೂಟೆ ನಿಧಾನಕ್ಕೆ ಏರಿಸಿದೆವು. ನಲವತ್ತನೇ ಮೂಟೆಗೆ ಹೆಡ್‌ಮೇಡಂ ಕಾರು ಬಂತು. ಜೊತೆಗೆ ಎಂಜಿನಿಯರ್, ಗುತ್ತಿಗೆದಾರ.

"ಮೇಸ್ತ್ರಿ! ಯಾರನ್ನ ಕೇಳಿ ಹತ್ತಿದ್ರಿ? ಇಳೀರಿ ಈಗಲೇ!"

"ಇನ್ನು ಎಂಟು ಮೂಟೆ ಮೇಡಂ. ಮುಗಿಸಿ ಇಳೀತೀನಿ, ಆಮೇಲೆ ನೀವು ಏನು ಹೇಳಿದ್ರೂ ಕೇಳ್ತೀನಿ."

ಎಂಜಿನಿಯರ್ ನೆಲದ ಮೇಲೆ ಮಲಗಿದ್ದ ಎರಡು ತಲೆಗಲ್ಲುಗಳನ್ನು ನೋಡಿದ, ಮೇಲಿನ ಮೂಟೆಗಳನ್ನು ನೋಡಿದ. ದಡ್ಡನಲ್ಲ ಅವನು. ಹಿಂದಿನ ದಿನ ಹೊರಗೆ ಸುತ್ತು ಹಾಕಿ ನೋಡಿರಲಿಲ್ಲ, ಅಷ್ಟೆ. "ಮೇಡಂ, ಮುಗಿಸಲಿ" ಅಂದ.

ಎಂಟೂ ಮುಗಿಸಿ ಇವರು ಕೆಳಗೆ ಬಂದರು. ಮೂಟೆಯ ಪದ್ಧತಿ ಏನು, ತಾವು ಅದನ್ನು ಬಿಟ್ಟಿದ್ದು ಯಾಕೆ, ನಿನ್ನೆ ಹೇಳಿದ್ದು ಸುಳ್ಳು, ಎಲ್ಲವನ್ನೂ ಹೇಳಿದರು. "ತಪ್ಪು ಕಟ್ಟಡದ್ದಲ್ಲ ಮೇಡಂ, ನಂದು. ಮೂರು ದಿನ ಬಿಟ್ಟು ನೋಡಿ. ಗಾಜು ಒಡೆದ್ರೆ ಕೆಡವಿ."

"ಮೂಟೆ ಇಡಬೇಕು ಅಂತ ಇನ್ಯಾರಿಗಾದ್ರೂ ಗೊತ್ತಿತ್ತಾ?" ಅಂತ ಕೇಳಿದರು ಹೆಡ್‌ಮೇಡಂ.

ನಾನು ಬಾಯಿ ತೆರೆದೆ. ಇವರು ಮಣ್ಣು ಮೆತ್ತಿದ ಚಪ್ಪಲಿಯಿಂದ ನನ್ನ ಕಾಲನ್ನು ಬಲವಾಗಿ ತುಳಿದರು. "ಇಲ್ಲ ಮೇಡಂ. ನನಗೊಬ್ಬನಿಗೇ" ಅಂದರು. ಆಮೇಲೆ ಮನೆ ದಾರಿಯಲ್ಲಿ ಜಗಳವಾಡಿದೆ. "ಇಬ್ಬರೂ ಹೊರಗೆ ಹೋದ್ರೆ ಗಾರೆ ಯಾರು ಕಲಸ್ತಾರೆ? ಸಿಮೆಂಟು ಮೆತ್ತಿಬಿಡ್ತಾರೆ" ಅಂತ ಅಷ್ಟೇ ಹೇಳಿ ಮುಂದೆ ನಡೆದರು.

ಆ ಮೂರು ದಿನ ನಾವು ಬದುಕಿದ್ದೇ ಒಂದು ಗೇಣುದ್ದದ ಗಾಜಿನ ಮೇಲೆ. ಎಂಜಿನಿಯರ್ ದಿನಕ್ಕೆರಡು ಸಲ ಬಂದು ನೋಡಿದ. ಓರಗಿತ್ತಿ ಗಂಟೆಗೊಮ್ಮೆ ನೋಡಿದಳು. ಇವರು ಗೇಟಿನ ಹೊರಗೆ, ರಸ್ತೆಯ ಆ ಕಡೆ ಚಹಾದ ಅಂಗಡಿಯ ಮುಂದೆ ನಿಂತಿರುತ್ತಿದ್ದರು. ಅವಳು ಬಾಗಿಲಿಗೆ ಬಂದು ಒಡೆದಿಲ್ಲ ಅಂತ ತಲೆ ಅಲ್ಲಾಡಿಸಿದರೆ ಒಂದು ಗುಟುಕು ಚಹಾ ಒಳಗಿಳಿಯುತ್ತಿತ್ತು. ನಾಲ್ಕನೇ ದಿನವೂ ಗಾಜು ಇಡಿಯಾಗಿತ್ತು. ಬೆಂಚಿನ ಮೇಲೆ ಪುಡಿ ಇರಲಿಲ್ಲ. ಚಾವಣಿ ಕೆಡವುವುದಿಲ್ಲ, ಬಿರುಕಿಗೆ ಗಾರೆ ತುಂಬಿ ಹೊಸ ತಲೆಗಲ್ಲು ಕೂರಿಸುವುದು ಅಂತ ಸಮಿತಿ ತೀರ್ಮಾನಿಸಿತು. ಕೂರಿಸುವ ಮೇಸ್ತ್ರಿ ಮಾತ್ರ ಬೇರೆ ಊರಿನಿಂದ. ಮೆಟ್ಟಿಲ ಬಾಗಿಲಿನ ಬೀಗದ ಕೈಯನ್ನು ಹೆಡ್‌ಮೇಡಂ ಇವರಿಂದ ತಾವೇ ಇಸಿದುಕೊಂಡರು. ಬಯ್ಯಲಿಲ್ಲ. ಬೈದಿದ್ದರೆ ಇವರಿಗೆ ಸುಲಭವಾಗುತ್ತಿತ್ತು.

ಈಗ ಇವರು ಮನೆಗಳ ಕಾಂಪೌಂಡು ಕಟ್ಟುತ್ತಾರೆ. ಒಳ್ಳೆಯ ಕೆಲಸವೇ. ಹೊಸ ಮೇಸ್ತ್ರಿ ನಮ್ಮ ಮಗನ ವಯಸ್ಸಿನವನು, ಚುರುಕು, ನನ್ನ ಗಾರೆಯನ್ನು ಮೆಚ್ಚುತ್ತಾನೆ. ಸಂಜೆ ನಾನು ಮನೆಗೆ ಬಂದು ಕಾಲು ತೊಳೆಯುವುದಕ್ಕೂ ಬಿಡದೆ ಇವರು ಕೇಳುತ್ತಾರೆ: ಇವತ್ತು ಎಷ್ಟು ಬಾಂಡ್ಲಿ ಹೋಯ್ತು? ಗೆರೆ ತುಂಬಿತಾ? ಮೇಲ್ಗಡೆಯಿಂದ ನೋಡಿದರೆ ಹೇಗಿದೆ? ನನಗೇನು ಗೊತ್ತು? ಗಾರೆ ಕಳಿಸುವವಳು ನಾನು, ಹತ್ತುವವಳಲ್ಲ. ಕೆಳಗಿಂದ ಚೆನ್ನಾಗೇ ಕಾಣುತ್ತೆ ಅಂದರೆ ಮುಖ ಬಾಡಿಹೋಗುತ್ತದೆ. ಒಂದು ವಾರ ನೋಡಿದೆ, ನನ್ನಿಂದ ನೋಡಲಾಗಲಿಲ್ಲ.

ಮೊನ್ನೆ ಹೊಸ ಮೇಸ್ತ್ರಿಯಿಂದ ಬೀಗದ ಕೈ ಕೇಳಿ ಇಸಿದುಕೊಂಡು ಹತ್ತಿದೆ. ನೂರಾ ಹನ್ನೆರಡು ಮೆಟ್ಟಿಲು, ಸುತ್ತಿ ಸುತ್ತಿ, ಒಬ್ಬರೇ ಹೋಗುವಷ್ಟು ಜಾಗ. ಐವತ್ತನಾಲ್ಕು ವರ್ಷದ ಮಂಡಿ, ಮೂರು ಕಡೆ ಕೂತೆ. ಮೇಲೆ, ಚಾವಣಿಗೂ ಅದರ ಮೇಲಿನ ಮಾಡಿಗೂ ನಡುವೆ ಹೋದರೆ ಕೆಳಗೆ ಕಾಣುವ ಆ ಸೊಗಸು ಒಂದಿಷ್ಟೂ ಇಲ್ಲ. ಕತ್ತಲು, ಧೂಳು, ಗುಡ್ಡೆ ಗುಡ್ಡೆಯಾಗಿ ಒರಟು ಕಲ್ಲು, ಪಾರಿವಾಳದ ಹಿಕ್ಕೆ. ಇದನ್ನು ನೋಡುವುದಕ್ಕಾ ಈ ಮನುಷ್ಯ ಇಷ್ಟು ವರ್ಷ ನನ್ನನ್ನು ಬಿಟ್ಟು ಬಂದದ್ದು ಅಂತ ನಗು ಬಂತು. ಆಮೇಲೆ ಆ ಕಲ್ಲಿನ ಬೆನ್ನ ಮೇಲೆ ಕೈಯಿಟ್ಟೆ. ಕೆಳಗೆ ಯಾರೋ ಮಾತಾಡಿದ್ದು, ಬೆಂಚು ಸರಿಸಿದ್ದು, ಎಲ್ಲಾ ಅಂಗೈಗೆ ಬರುತ್ತಿತ್ತು. ಅಳು ತಡೆಯಲಾಗಲಿಲ್ಲ.

ಮನೆಗೆ ಬಂದು ಎಲ್ಲಾ ಹೇಳಿದೆ. ಅವರು ಊಟದ ತಟ್ಟೆ ಪಕ್ಕಕ್ಕಿಟ್ಟು, ನನ್ನ ಊದಿದ ಮಂಡಿಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಎಣ್ಣೆ ತಿಕ್ಕುತ್ತಾ ಕೇಳಿದರು. ಗೆರೆ ಪೂರ್ತಿ ಮುಚ್ಚಿದೆ ಅಂದೆ. ಹೊಸ ಮೇಸ್ತ್ರಿ ಮೇಲ್ಗಡೆಯೂ ಎರಡು ಕಂಬದ ನೇರಕ್ಕೆ ಗಾಜು ಹಚ್ಚಿದ್ದಾನೆ, ಮೂರನೇ ಕಂಬದ ಕಡೆಯದು ಒಡೆದಿಲ್ಲ ಅಂದೆ.

"ನಾಲ್ಕನೇ ಕಂಬದ ಕಡೆಯದು?"

"ಅದನ್ನ ನೋಡಲಿಲ್ಲರೀ. ಕತ್ತಲು ಇತ್ತು."

 ಅವರು ಮತ್ತೆ ಎಣ್ಣೆ ಹಾಕಿಕೊಂಡು, ಮಂಡಿಯಿಂದ ಕಣ್ಣೆತ್ತದೆ, ಮೆಲ್ಲಗೆ ಹೇಳಿದರು.

"ನಾಳೆ ನೋಡ್ಕೊಂಡು ಬಾ."